ಜವಳಗಿರಿಯ ಕಾಡಿನಲ್ಲೊಂದು ಹಳೆಯ ವಿಂಚೆಸ್ಟರ್
ನಮ್ಮ ಹೊಸೂರು ಸೀಮೆಯ ಜವಳಗಿರಿ, ಅಂಚೆಟ್ಟಿ, ಡೆಂಕಣಿಕೋಟೆಗಳನ್ನು ಜಗತ್ತಿನ ಓದುಗರಿಗೆ ಪರಿಚಯಿಸಿದವರು ಬೇಟೆಗಾರ ಕೆನೆತ್ ಆಂಡರ್ಸನ್. 1910ರಲ್ಲಿ ಜನಿಸಿ, ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದ ಅವರು ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಕಾಡಿನಲ್ಲಿ ಅವರ ಸಂಗಾತಿ .405 ವಿಂಚೆಸ್ಟರ್, 1895ರ ಮಾದರಿಯ ರೈಫಲ್. ಬ್ರೌನಿಂಗ್ ರೂಪಿಸಿದ ಈ ಕೋವಿಯಲ್ಲಿ ಕುದುರೆಯ ಬಳಿಯ ಸನ್ನೆಯನ್ನು ಕೆಳಕ್ಕೆಳೆದು ಮೇಲಕ್ಕೊತ್ತಿದರೆ ಮುಂದಿನ ತೋಟಾ ನಳಿಗೆಗೆ ಏರುತ್ತದೆ. ಅಮೆರಿಕದ ಮಾಜಿ ಅಧ್ಯಕ್ಷ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದದ್ದೂ ಇಂಥದನ್ನೇ. ಹೊಸ ಬಂದೂಕುಗಳು ಬಂದರೂ ಆಂಡರ್ಸನ್ ತಮ್ಮ ಹಳೆಯದನ್ನು ಬಿಡಲಿಲ್ಲ. ಆದರೆ ಆ ಮೋಹ ಅವರನ್ನು ಕುರುಡಾಗಿಸಲಿಲ್ಲ. ಗುರಿ ತಪ್ಪಿದ ಗುಂಡೇಟಿನಿಂದ ಊನಗೊಂಡ ಪ್ರಾಣಿಯೇ ಅನೇಕ ವೇಳೆ ನರಭಕ್ಷಕವಾಗುವುದೆಂದು ಬರೆದರು. ಕಡೆಗಾಲದಲ್ಲಿ ಕೈಗೆ ಬಂದದ್ದು ಕ್ಯಾಮೆರಾ.

1974ರಲ್ಲಿ ಅವರು ತೀರಿಕೊಂಡರು. ಪೂರ್ಣಚಂದ್ರ ತೇಜಸ್ವಿಯವರು ಆ ಬೇಟೆಯ ಕಥೆಗಳನ್ನು ಕನ್ನಡಕ್ಕೆ ತಂದಿದ್ದಾರೆ.