ನಾದದೊಳಗಿನ ಸಂಖ್ಯೆಯನ್ನು ಅರಸಿದ ಸರ್ ಸಿ. ವಿ. ರಾಮನ್

ಪ್ರತಿ ವರ್ಷ ಫೆಬ್ರವರಿ 28ರಂದು ನಮ್ಮ ಶಾಲೆಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸುತ್ತಾರೆ. ಅಂದು ಮಕ್ಕಳು ಸರ್ ಸಿ. ವಿ. ರಾಮನ್ ಅವರನ್ನು ಸ್ಮರಿಸಿ, ಬೆಳಕನ್ನು ಕುರಿತ ಅವರ ಸಂಶೋಧನೆಯನ್ನು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಆದರೆ ಬೆಳಕಿನತ್ತ ಪೂರ್ಣವಾಗಿ ತಿರುಗುವ ಮುನ್ನ ಹತ್ತಾರು ವರ್ಷ ಅವರು ಏಕತಾರಿ, ಪಿಟೀಲು, ವೀಣೆ, ತಂಬೂರಿ, ಮೃದಂಗಗಳ ಮುಂದೆ ವಿದ್ಯಾರ್ಥಿಯಂತೆ ಕುಳಿತಿದ್ದರೆಂಬುದು ಅನೇಕರಿಗೆ ತಿಳಿಯದು. ಸ್ಕಂದಗಿರಿಯ ಸುತ್ತಮುತ್ತ ವಾಸಿಸುವ ನಮಗೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಚರಿತ್ರೆ ಮನೆಮಾತು. ಇಲ್ಲಿಂದ ಅರವತ್ತು ಕಿಲೋಮೀಟರ್ ಆಸುಪಾಸಿನ ಬೆಂಗಳೂರಿನಲ್ಲಿ 37 ವರ್ಷ ಬಾಳಿ ಅಲ್ಲಿಯ ಮಣ್ಣಿನಲ್ಲೇ ಬೆರೆತ ರಾಮನ್ ಅವರ ಜೀವನದ ಈ ಮಗ್ಗುಲನ್ನೂ ನಾವು ಅರಿಯುವುದು ಯೋಗ್ಯ.

ಚಂದ್ರಶೇಖರ ವೆಂಕಟರಾಮನ್ 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರು. ಬಿಡುವಿನಲ್ಲಿ ಪಿಟೀಲು ನುಡಿಸುವವರು. ಹೀಗೆ ಗಣಿತವೂ ಸಂಗೀತವೂ ಒಂದೇ ಛಾವಣಿಯಡಿಯಲ್ಲಿದ್ದ ಮನೆ ಅದು. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತುದರಿಂದ ಬಾಲಕನು ಅಲ್ಲಿಯ ಕಥೋಲಿಕ ವಿದ್ಯಾಸಂಸ್ಥೆಯಾದ ಸಂತ ಅಲೋಶಿಯಸ್ ಶಾಲೆಯಲ್ಲಿ ಓದಿ, ಹನ್ನೊಂದನೆಯ ವಯಸ್ಸಿನಲ್ಲೇ ಮೆಟ್ರಿಕ್ಯುಲೇಷನ್ ಮುಗಿಸಿದನು. ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿಗಳು ಲಭಿಸಿದವು.

ತಮ್ಮನ್ನು ರೂಪಿಸಿದ ಗ್ರಂಥಗಳು ಮೂರು ಎಂದು ರಾಮನ್ ಮುಂದೆ ಹೇಳಿಕೊಂಡಿದ್ದಾರೆ. ಬುದ್ಧನ ಚರಿತ್ರೆಯನ್ನು ಕಾವ್ಯವಾಗಿಸಿದ ಎಡ್ವಿನ್ ಆರ್ನಾಲ್ಡನ ಕೃತಿ ಒಂದು. ಯೂಕ್ಲಿಡನ ರೇಖಾಗಣಿತ ಇನ್ನೊಂದು. ಸ್ವರಗಳ ಸಂವೇದನೆಯನ್ನು ಕುರಿತು ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಬರೆದ ಮಹಾಗ್ರಂಥ ಮೂರನೆಯದು. ಮೊದಲನೆಯದು ತ್ಯಾಗವನ್ನೂ ಎರಡನೆಯದು ಗಣಿತದ ಸೊಬಗನ್ನೂ ಕಲಿಸಿದವು. ಮೂರನೆಯ ಗ್ರಂಥದ ಕರ್ತೃ ವೈದ್ಯನೂ ಭೌತಶಾಸ್ತ್ರಜ್ಞನೂ ಆಗಿದ್ದವನು. ವಾದ್ಯದ ಕಂಪನ, ಅದರ ಗಣಿತ, ಅದನ್ನು ಗ್ರಹಿಸುವ ಕಿವಿ ಮತ್ತು ನರಗಳು, ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸಲು ಯತ್ನಿಸಿದವನು. ಆ ಗ್ರಂಥವು ತರುಣ ರಾಮನ್ ಅವರ ಮುಂದೆ ಹೊಸ ಲೋಕವನ್ನೇ ತೆರೆಯಿತು.

1907ರಲ್ಲಿ ಅವರು ಲೋಕಸುಂದರಿಯವರನ್ನು ವರಿಸಿದರು. ಆಕೆ ವೀಣೆ ನುಡಿಸಬಲ್ಲವರಾಗಿದ್ದರು. ಅದೇ ವರ್ಷ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ತೆರಳಿದರು. ಹಗಲು ಲೆಕ್ಕಪತ್ರಗಳ ಕಚೇರಿ. ಬೆಳಗಿನ ಜಾವ ಮತ್ತು ಸಂಜೆ ಬೌಬಜಾರ್ ಬೀದಿಯ ಪ್ರಯೋಗಶಾಲೆ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ ಆ ವಿಜ್ಞಾನ ಸಂಸ್ಥೆ ಬಳಸುವವರಿಲ್ಲದೆ ಬಡವಾಗಿತ್ತು. ಅಲ್ಲಿನ ಸಹಾಯಕ ಆಶುತೋಷ್ ದೇ ಅವರೊಡನೆ ರಾಮನ್ ಹಗಲಿರುಳೆನ್ನದೆ ದುಡಿದರು. 1909ರಲ್ಲಿ ಏಕತಾರಿಯನ್ನು ಕುರಿತ ಅವರ ಲೇಖನ ಪ್ರಕಟವಾದದ್ದು ಸಂಗೀತದ ಪತ್ರಿಕೆಯಲ್ಲಲ್ಲ, ಭಾರತೀಯ ಗಣಿತಜ್ಞರ ಪತ್ರಿಕೆಯಲ್ಲಿ. ಭಿಕ್ಷೆ ಬೇಡುತ್ತ ಹಾಡುವ ಸಾಧುವಿನ ಒಂಟಿ ತಂತಿಯಲ್ಲೂ ಗಣಿತವುಂಟೆಂದು ತೋರಿದ ಬರಹವದು.

1917ರಲ್ಲಿ, ಅದಕ್ಕೂ ಹಿಂದೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಕುಲಪತಿ ಸ್ಥಾನದಲ್ಲಿದ್ದ ಗಣಿತಪ್ರೇಮಿ ಆಶುತೋಷ್ ಮುಖರ್ಜಿಯವರ ಪ್ರಯತ್ನದಿಂದ ಸೃಷ್ಟಿಯಾಗಿದ್ದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ರಾಮನ್ ಒಪ್ಪಿಕೊಂಡರು. ಹೆಚ್ಚಿನ ವೇತನ, ಬಡ್ತಿ, ಅಧಿಕಾರಗಳ ಭರವಸೆಯಿದ್ದ ಹುದ್ದೆಯನ್ನು ತೊರೆದು ಕಡಿಮೆ ಸಂಬಳದ ಅಧ್ಯಾಪನಕ್ಕೆ ಬಂದುದು ಸಾಮಾನ್ಯ ನಿರ್ಧಾರವಲ್ಲ. ಮರುವರ್ಷವೇ ಪಿಟೀಲು ಕುಟುಂಬದ ವಾದ್ಯಗಳನ್ನು ಕುರಿತ ಅವರ ಪ್ರೌಢ ಪ್ರಬಂಧ ಹೊರಬಂದಿತು. ಕಮಾನು ಎಷ್ಟು ವೇಗದಲ್ಲಿ, ಎಷ್ಟು ಒತ್ತಡದಲ್ಲಿ ಉಜ್ಜಿದರೆ ತಂತಿ ಹೇಗೆ ಕಂಪಿಸುತ್ತದೆಂದು ಅಳೆಯಲು ಅವರು ಒಂದು ಯಂತ್ರವನ್ನೇ ರಚಿಸಿದರು. ಅದರಲ್ಲಿ ಕಮಾನು ಸ್ಥಿರ. ಪಿಟೀಲೇ ಹಿಂದೆ ಮುಂದೆ ಚಲಿಸುತ್ತಿತ್ತು. 1921ರಲ್ಲಿ ಇಂಗ್ಲೆಂಡಿಗೆ ಹೋದಾಗ ಲಂಡನ್ನಿನ ಸಂತ ಪೌಲರ ಪ್ರಧಾನಾಲಯದ ಗುಮ್ಮಟದಲ್ಲಿ ಪಿಸುಮಾತು ಗೋಡೆಯಗುಂಟ ಹರಿಯುವ ಬಗೆಯನ್ನು ಪರೀಕ್ಷಿಸಿದರು; ನಮ್ಮ ವಿಜಾಪುರದ ಗೋಲ ಗುಮ್ಮಟವೂ ಅವರ ಆ ಅಧ್ಯಯನದಲ್ಲಿ ಸೇರಿತು.

ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹತ್ತಿರವಾದುದು ಮೃದಂಗ ಮತ್ತು ತಬಲಗಳನ್ನು ಕುರಿತ ಅವರ ಶೋಧ. ಸಹೋದ್ಯೋಗಿ ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ಅದನ್ನು ಅವರು ಮೊದಲು ಪ್ರಕಟಿಸಿದರು. ಅದನ್ನು ತಿಳಿಯಲು ನಮ್ಮ ಊರಿನ ತಮಟೆಯಿಂದಲೇ ಹೊರಡೋಣ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಾಗ ಜಿಲ್ಲೆಯೇ ಹಿಗ್ಗಿತು. ತಮಟೆಯ ಚರ್ಮ ಎಲ್ಲೆಡೆ ಒಂದೇ ಸಮನಾದುದು. ಅಂಥ ಚರ್ಮವನ್ನು ಬಡಿದಾಗ ಮೂಲ ಕಂಪನದ ಜೊತೆಗೆ ಇನ್ನೂ ಅನೇಕ ಉಪಕಂಪನಗಳು ಏಳುತ್ತವೆ. ಮೂಲವನ್ನು 1 ಎಂದು ಇಟ್ಟುಕೊಂಡರೆ, ಉಳಿದವು ಗಣಿತದ ಪ್ರಕಾರ 1.59, 2.14, 2.30 ಹೀಗೆ ಬರುತ್ತವೆ. ಅವು ಪೂರ್ಣಾಂಕಗಳಲ್ಲ; ಆದುದರಿಂದ ತಮಟೆಗೆ ತೇಜಸ್ಸಿದೆ, ಗತಿಯಿದೆ, ಎದೆ ನಡುಗಿಸುವ ಶಕ್ತಿಯಿದೆ; ಆದರೆ ಖಚಿತವಾದ ಶ್ರುತಿಯಿಲ್ಲ. ಕಂಪಿಸುವ ತಂತಿಯಲ್ಲಾದರೋ ಉಪಕಂಪನಗಳು ಮೂಲದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂಬಂತೆ ಪೂರ್ಣಾಂಕಗಳಲ್ಲಿ ಬರುತ್ತವೆ. ಅದರಿಂದಲೇ ತಂತಿ ಹಾಡುತ್ತದೆ.

ಹಾಗಾದರೆ ಮೃದಂಗವು ಚರ್ಮವಾದ್ಯವಾಗಿದ್ದೂ ಗಾಯಕನ ಷಡ್ಜಕ್ಕೆ ಹೊಂದುವುದು ಹೇಗೆ? ಅದರ ಬಲಮುಖದ ನಡುವೆ ಕರಣೆಯೆಂಬ ಕಪ್ಪು ಲೇಪವಿದೆ. ಅನ್ನವನ್ನೂ ಕಬ್ಬಿಣದ ಅಂಶವುಳ್ಳ ಕಲ್ಲಿನ ಪುಡಿಯನ್ನೂ ಅರೆದು, ಪದರದ ಮೇಲೆ ಪದರವಾಗಿ ಉಜ್ಜಿ ಅದನ್ನು ಕೂಡಿಸುತ್ತಾರೆ. ರಾಮನ್ ಅವರು ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ ಬಡಿದಾಗ, ಚಲನೆಯಿಲ್ಲದ ರೇಖೆಗಳಲ್ಲಿ ಮರಳು ನಿಂತು ಕಂಪನದ ಆಕೃತಿಗಳನ್ನು ಬರೆಯಿತು. ಅದರಿಂದ ಸಿದ್ಧವಾದುದಿಷ್ಟು: ಕರಣೆಯ ಭಾರವು ಚರ್ಮದ ಮೊದಲ ಒಂಬತ್ತು ಕಂಪನ ವಿಧಾನಗಳನ್ನು ಐದು ಗುಂಪುಗಳಾಗಿ ಒಗ್ಗೂಡಿಸುತ್ತದೆ, ಆ ಐದೂ 1, 2, 3, 4, 5 ಎಂಬ ಅನುಪಾತಕ್ಕೆ ಬರುತ್ತವೆ. ಅಂದರೆ ಚರ್ಮವು ತಂತಿಯ ಗುಣವನ್ನು ಪಡೆಯುತ್ತದೆ. ತಂಬೂರಿ ಮತ್ತು ವೀಣೆಗಳ ಬಾಗಿದ ಕುದುರೆಯೂ ಇಂಥದೇ ವಿಸ್ಮಯವೆಂದು 1921ರಲ್ಲಿ ಅವರು ತೋರಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಒಂದು ಉಪಸ್ವರ ಹುಟ್ಟಲೇಬಾರದೆಂದು ಯೂರೋಪಿನ ನಿಯಮ ಹೇಳಿತ್ತೋ, ಅಲ್ಲಿಯೇ ಮೀಟಿದರೂ ಆ ಉಪಸ್ವರ ಈ ವಾದ್ಯಗಳಲ್ಲಿ ಗಟ್ಟಿಯಾಗಿ ಕೇಳಿಬರುತ್ತಿತ್ತು.

ಇಲ್ಲಿ ತತ್ತ್ವಶಾಸ್ತ್ರದ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಈ ಪೂರ್ಣಾಂಕಗಳಿರುವುದು ವಾದ್ಯದಲ್ಲೋ, ಕೇಳುವ ಮನುಷ್ಯನಲ್ಲೋ? ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಅಂಗವೊಂದಿದೆ. ಅದರೊಳಗಿನ ಪೊರೆಯ ಬುಡದಲ್ಲಿ ಏರುಸ್ವರಗಳೂ ತುದಿಯಲ್ಲಿ ಇಳಿಸ್ವರಗಳೂ ಹೆಚ್ಚು ಕಂಪನವನ್ನೆಬ್ಬಿಸುತ್ತವೆ. ಇದನ್ನು ಪ್ರಯೋಗದಿಂದ ಕಂಡ ಬೇಕೇಶಿಯವರಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಂದರೆ ಕಿವಿಯು ನಾದವನ್ನು ಬಿಡಿಬಿಡಿಯಾಗಿ ವಿಂಗಡಿಸುತ್ತದೆ. ವಿಂಗಡವಾದುದನ್ನು ಮಿದುಳು ಮತ್ತೆ ಒಂದಾಗಿಸುತ್ತದೆ. ಉಪಕಂಪನಗಳು ಪೂರ್ಣಾಂಕದ ಅನುಪಾತದಲ್ಲಿದ್ದರೆ ಅವನ್ನೆಲ್ಲ ಒಂದೇ ಸ್ವರವೆಂದು ಅದು ಗ್ರಹಿಸುತ್ತದೆ. ಮೂಲ ಕಂಪನವೇ ಇಲ್ಲದಿದ್ದರೂ ಉಳಿದವುಗಳಿಂದ ಅದನ್ನು ಊಹಿಸಿಕೊಳ್ಳುತ್ತದೆ. ಗಂಡಸಿನ ದನಿಯ ಮೂಲ ಕಂಪನ ಸೆಕೆಂಡಿಗೆ ನೂರು ನೂರಿಪ್ಪತ್ತರ ಸುತ್ತಮುತ್ತ ಇರುತ್ತದೆ. ಹಳೆಯ ದೂರವಾಣಿಯ ತಂತಿ 300ಕ್ಕಿಂತ ಕೆಳಗಿನದನ್ನು ಸಾಗಿಸುತ್ತಲೇ ಇರಲಿಲ್ಲ. ಆದರೂ ಆ ಬದಿಯಿಂದ ಮಾತನಾಡಿದ ತಂದೆಯ ದನಿ ನಮಗೆ ತಂದೆಯ ದನಿಯಾಗಿಯೇ ಕೇಳುತ್ತಿತ್ತು. ಕಳೆದುಹೋದುದನ್ನು ತುಂಬಿಕೊಟ್ಟದ್ದು ಮಿದುಳು.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಅಗಸ್ಟೀನರು ಸಂಗೀತವನ್ನು ಕುರಿತು ಆರು ಭಾಗಗಳ ಗ್ರಂಥವನ್ನು ಆರಂಭಿಸಿದರು. ಅದರ ಆರನೆಯ ಭಾಗದಲ್ಲಿ ಅವರು ನಾದದೊಳಗಿನ ಸಂಖ್ಯೆ, ಕೇಳುವವನ ಕಿವಿಯೊಳಗಿನ ಸಂಖ್ಯೆ, ಸ್ಮರಣೆಯೊಳಗಿನ ಸಂಖ್ಯೆ, ಹದವನ್ನು ತೀರ್ಮಾನಿಸುವ ಬುದ್ಧಿಯೊಳಗಿನ ಸಂಖ್ಯೆ ಎಂದು ಬೇರ್ಪಡಿಸಿದ್ದಾರೆ. ಮರಳಿನ ರೇಖೆಗಳಲ್ಲಿ ರಾಮನ್ ಕಂಡದ್ದು ಇವುಗಳಲ್ಲಿ ಮೊದಲನೆಯದನ್ನು. ಉಳಿದವುಗಳನ್ನು ಇಂದಿನ ನರವಿಜ್ಞಾನ ಹಂತಹಂತವಾಗಿ ಶೋಧಿಸುತ್ತಿದೆ. ಇವೆರಡನ್ನೂ ಬೆಸೆದವನು ಮೃದಂಗವನ್ನು ಮಾಡಿದ ಮನುಷ್ಯ. ಅವನು ಸಮೀಕರಣವನ್ನು ಬಲ್ಲವನಲ್ಲ. ಒಂದು ಪದರ ಕರಣೆ ಹಚ್ಚಿ, ತಟ್ಟಿ, ಕೇಳಿ, ಸಾಲದೆಂದು ಮತ್ತೊಂದು ಪದರ ಹಚ್ಚಿದವನು. ನಾದವು ಒಂದಾಯಿತೆಂದು ಅವನ ಮಿದುಳು ಸಾರುವವರೆಗೂ ಕೈ ನಿಲ್ಲಲಿಲ್ಲ. ಕಿವಿಯೇ ಅವನ ಅಳತೆಗೋಲು.

ಇಂಥ ವಾದ್ಯವನ್ನು ರೂಪಿಸಿದ ಪ್ರಾಚೀನ ಭಾರತೀಯರ ಪ್ರತಿಭೆಯನ್ನು ರಾಮನ್ ಮುಕ್ತಕಂಠದಿಂದ ಕೊಂಡಾಡಿದರು. ಆದರೆ ಪ್ರಾಚೀನರೆಂಬ ಆ ಒಂದು ಪದದೊಳಗೆ ಅಡಗಿರುವವರು ಯಾರು? ಹಸು, ಎಮ್ಮೆ, ಆಡುಗಳ ಚರ್ಮವನ್ನು ಹದಮಾಡಿದ ಕೈಗಳು ಯಾರವು? ಗಾಯಕ ಟಿ. ಎಂ. ಕೃಷ್ಣ ಅವರು 2020ರಲ್ಲಿ ಪ್ರಕಟಿಸಿದ ಗ್ರಂಥ ಈ ಪ್ರಶ್ನೆಗೆ ಉತ್ತರ ಹುಡುಕಿತು. ತಂಜಾವೂರಿನ ಸೆಬಾಸ್ಟಿಯನ್ ಎಂಬವರ ಮನೆತನವೂ ಸೇರಿದಂತೆ ಹೆಸರಾಂತ ಮೃದಂಗ ತಯಾರಕರಲ್ಲಿ ಬಹಳ ಮಂದಿ ದಲಿತ ಕ್ರೈಸ್ತರು. ಅವರು ಮಾಡಿದ ವಾದ್ಯಕ್ಕೆ ವೇದಿಕೆಯ ಮೇಲೆ ಪೂಜೆ ಸಂದಿತು. ಅವರ ಹೆಸರನ್ನು ಮಾತ್ರ ಸಭೆಯಲ್ಲಿ ಯಾರೂ ಹೇಳಲಿಲ್ಲ. ಚರ್ಮವನ್ನು ಮುಟ್ಟಿದ ಕೈಯನ್ನು ದೂರವಿಟ್ಟು ಚರ್ಮದ ನಾದವನ್ನು ಮಾತ್ರ ಸ್ವೀಕರಿಸಿದ ಸಮಾಜ ನಮ್ಮದು. ದೇವಾಲಯದ ಗಾಯನವೃಂದದಲ್ಲಿ ಮೃದಂಗವನ್ನೋ ತಬಲವನ್ನೋ ನುಡಿಸುವ ನಾವೂ ಇದನ್ನು ಆಲೋಚಿಸಬೇಕು.

ನಾದದ ಅಧ್ಯಯನವೇ ರಾಮನ್ ಅವರನ್ನು ಬೆಳಕಿನ ಶೋಧಕ್ಕೂ ಸಿದ್ಧಗೊಳಿಸಿತೆನ್ನಬಹುದು. ವಾದ್ಯದಂತೆ ಅಣುಗಳ ಕೂಟಕ್ಕೂ ತನ್ನದೇ ಕಂಪನಗಳುಂಟು. ಅದರ ಮೇಲೆ ಬಿದ್ದು ಚದುರಿದ ಬೆಳಕಿನ ಅತ್ಯಲ್ಪ ಭಾಗದಲ್ಲಿ ಆ ಕಂಪನಗಳಷ್ಟು ವ್ಯತ್ಯಾಸ ಕಾಣುತ್ತದೆ. 1928ರಲ್ಲಿ ಕಂಡ ಈ ಸತ್ಯಕ್ಕೆ 1930ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಮೃದಂಗವನ್ನು ಕುರಿತು ಮತ್ತೆ ವಿಸ್ತಾರವಾಗಿ ಬರೆದರು. ಆಡಳಿತದಲ್ಲಿ ಭಿನ್ನಾಭಿಪ್ರಾಯಗಳೆದ್ದು 1937ರಲ್ಲಿ ನಿರ್ದೇಶಕ ಸ್ಥಾನ ತೊರೆದರೂ 1948ರವರೆಗೆ ಪ್ರಾಧ್ಯಾಪಕರಾಗಿ ಉಳಿದರು. ಬಳಿಕ ಮೈಸೂರು ಮಹಾರಾಜರು ನೀಡಿದ್ದ ಭೂಮಿಯಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿದರು. 1954ರಲ್ಲಿ ಭಾರತರತ್ನ ಬಂದಿತು.

ಕೊನೆಯ ವರ್ಷಗಳಲ್ಲಿ ಅವರ ಮನಸ್ಸು ಹೂವಿನ ಬಣ್ಣಗಳಲ್ಲೂ ಮನುಷ್ಯನ ಕಣ್ಣಿನಲ್ಲೂ ನೆಟ್ಟಿತು. 1968ರಲ್ಲಿ ದೃಷ್ಟಿಯನ್ನು ಕುರಿತ ಗ್ರಂಥ ಪ್ರಕಟವಾಯಿತು. ತಾರುಣ್ಯದ ಗುರು ಹೆಲ್ಮ್‌ಹೋಲ್ಟ್ಸ್ ಸಮರ್ಥಿಸಿದ್ದ ಮೂರು ಮೂಲವರ್ಣಗಳ ಸಿದ್ಧಾಂತವನ್ನು ಅವರು ಅದರಲ್ಲಿ ನಿರಾಕರಿಸಿದರು. ವಿಜ್ಞಾನಲೋಕ ಅವರ ವಾದವನ್ನು ಒಪ್ಪಲಿಲ್ಲ. ಕಣ್ಣಿನಲ್ಲಿ ವರ್ಣವನ್ನು ಗ್ರಹಿಸುವ ಕೋಶಗಳು ಮೂರು ಬಗೆಯವೆಂಬುದು ಈಗ ಸ್ಥಿರಪಟ್ಟಿದೆ. ಮೃದಂಗದ ವಿಷಯದಲ್ಲಿ ಗೆದ್ದ ಅದೇ ಧೈರ್ಯ ಇಲ್ಲಿ ಸೋತಿತು. ಎಂಬತ್ತರ ವಯಸ್ಸಿನಲ್ಲೂ ಹೊಸ ಪ್ರಶ್ನೆಗೆ ಕೈಹಾಕಿದ ಆ ಮನಸ್ಸನ್ನು ನಾವು ಗೌರವಿಸಬೇಕು. ಮಹಾಪುರುಷರ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕೆಂಬ ಪಾಠವನ್ನೂ ಕಲಿಯಬೇಕು. 1970ರ ನವೆಂಬರ್ 21ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಸಂಶೋಧನಾಲಯದ ಆವರಣದಲ್ಲೇ ಅಂತ್ಯಸಂಸ್ಕಾರ ನಡೆಯಿತು. ಆ ಸ್ಥಳದಲ್ಲಿ ಸ್ಮಾರಕಶಿಲೆಯಿಲ್ಲ, ಒಂದು ಮರವಿದೆ.

ಓದುಗ ಬಂಧುಗಳೇ, ಸಂಗೀತ ಕಲಿಸಿದರೆ ಮಗುವಿಗೆ ಗಣಿತದಲ್ಲಿ ಅಂಕ ಹೆಚ್ಚುವುದೇ ಎಂದು ತಂದೆತಾಯಂದಿರು ಕೇಳುವುದುಂಟು. 1993ರಲ್ಲಿ ಮೊಜಾರ್ಟನ ಸಂಗೀತವನ್ನು ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳ ಪರೀಕ್ಷೆಯೊಂದರಲ್ಲಿ ತುಸು ಮುಂದಾದರೆಂಬ ವರದಿ ಬಂದಿತು. ಆ ಪರಿಣಾಮ ಕಾಲು ಗಂಟೆಯೂ ಉಳಿಯಲಿಲ್ಲ. ಆದರೂ ಅದು ಜಗತ್ತಿನಾದ್ಯಂತ ಹಬ್ಬಿ ವ್ಯಾಪಾರವೇ ಆಯಿತು. ತರುವಾಯದ ಪರಿಶೀಲನೆಗಳು ಅದನ್ನು ಎತ್ತಿಹಿಡಿಯಲಿಲ್ಲ. ಅಂಕಗಳಿಗಾಗಿ ಸಂಗೀತವನ್ನು ಕಲಿಸುವವನಿಗೆ ಎರಡೂ ದಕ್ಕದಿರಬಹುದು. ರಾಮನ್ ಅವರ ಮನೆಯಲ್ಲಿ ಪಿಟೀಲು ಗಣಿತದ ಊಳಿಗಕ್ಕಾಗಿ ಇರಲಿಲ್ಲ. ಎರಡನ್ನೂ ಅವುಗಳ ಸಲುವಾಗಿಯೇ ಪ್ರೀತಿಸಿದವರ ಮಗನಿಗೆ, ಎರಡರ ನಡುವಿನ ಸಂಬಂಧವನ್ನು ಕಾಣುವ ಕಣ್ಣು ಮೂಡಿತು. ಈ ಸಲ ಊರ ಜಾತ್ರೆಯಲ್ಲಿ ತಮಟೆ ಮೊಳಗಿದಾಗ, ಸಭೆಯಲ್ಲಿ ಮೃದಂಗ ನುಡಿದಾಗ, ಮಕ್ಕಳಿಗೆ ಎರಡರ ನಾದಭೇದವನ್ನು ಕೇಳಿಸಿ ಕಾರಣವನ್ನು ವಿವರಿಸಿ. ಅವನ್ನು ಮಾಡಿದ ಕೈಗಳು ಯಾರವೆಂಬುದನ್ನೂ ಜೊತೆಗೇ ತಿಳಿಸಿ.