ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು

ನಮ್ಮ ದೇಶದ ಶಾಸನ ಸಭೆಗಳಲ್ಲಿ ಸ್ತ್ರೀಯರಿಗೆ ಸ್ಥಾನವೇ ಇಲ್ಲದಿದ್ದ ಕಾಲವೊಂದಿತ್ತು. ವಿವಾಹ, ವಿದ್ಯೆ, ಆಸ್ತಿ, ಆರೋಗ್ಯ ಮೊದಲಾದ ವಿಷಯಗಳಲ್ಲಿ ಕಾನೂನುಗಳನ್ನು ಮಾಡುವವರು ಪುರುಷರಾಗಿದ್ದರು. ಅವುಗಳ ಫಲವನ್ನು ಅನುಭವಿಸುವವರಲ್ಲಿ ಅರ್ಧದಷ್ಟು ಜನರು ಸ್ತ್ರೀಯರಾಗಿದ್ದರು. ಬ್ರಿಟಿಷರ ಆಳಿಕೆಗೊಳಪಟ್ಟ ಇಂಡಿಯಾದಲ್ಲಿ ಪ್ರಥಮತಃ ಶಾಸನ ಸಭೆಯನ್ನು ಪ್ರವೇಶಿಸಿದ ಮಹಿಳೆಯು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು. ಅವರು ಆ ಸಭೆಯಲ್ಲಿದ್ದುದು ನಾಲ್ಕು ವರುಷಕ್ಕೂ ಕಡಿಮೆ. ಆದರೆ ಅಷ್ಟರಲ್ಲಿ ಅವರು ಕೈಕೊಂಡ ಕಾರ್ಯವು ಎಂಥದೆಂಬುದನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಅವರ ಮಾತಾಪಿತೃಗಳೂ ತಿಳಿದಿರುವುದು ಯುಕ್ತವಾಗಿದೆ.

ಇವರು 1886ನೆಯ ಇಸವಿ ಜುಲಾಯಿ 30ರಂದು ತಮಿಳು ನಾಡಿನ ಪುದುಕ್ಕೋಟೆ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರವರು ಅಲ್ಲಿಯ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ತಾಯಿ ಚಂದ್ರಮ್ಮಾಳರು ದೇವದಾಸಿಯರ ಕುಲಕ್ಕೆ ಸೇರಿದವರು. ಹೆಣ್ಣುಮಕ್ಕಳನ್ನು ಬಾಲ್ಯದಲ್ಲಿಯೇ ದೇವಾಲಯಕ್ಕೆ ಒಪ್ಪಿಸಿ, ಅವರಿಗೆ ವಿವಾಹವಿಲ್ಲದಂತೆ ಮಾಡುವ ಪದ್ಧತಿಯು ಆ ಕುಲದಲ್ಲಿ ರೂಢಿಯಾಗಿತ್ತು. ಈ ಪದ್ಧತಿಯ ಕಷ್ಟವನ್ನು ಮುತ್ತುಲಕ್ಷ್ಮಿಯವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಹುಡುಗಿಯು ದೊಡ್ಡವಳಾದೊಡನೆ ಶಾಲೆಯನ್ನು ಬಿಡಿಸುವುದು ಆ ಕಾಲದ ವಾಡಿಕೆ. ಇವರನ್ನೂ ಶಾಲೆಯಿಂದ ಬಿಡಿಸಲಾಯಿತಾದರೂ ತಂದೆಯವರು ಮನೆಯಲ್ಲಿಯೇ ಪಾಠವನ್ನು ಮುಂದುವರಿಸಿದರು; 1902ರಲ್ಲಿ ಮಗಳು ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಮುಂದೆ ಓದಬೇಕಾದರೆ ಆ ಊರಿನಲ್ಲಿದ್ದುದು ಗಂಡುಮಕ್ಕಳ ಕಾಲೇಜೊಂದೇ. ಒಬ್ಬ ಹುಡುಗಿಯನ್ನು ಅಲ್ಲಿ ಸೇರಿಸಿಕೊಂಡರೆ ಹುಡುಗರ ನಡತೆಯು ಕೆಡುವುದೆಂದು ಅನೇಕರು ಆಕ್ಷೇಪಿಸಿದರು. ಆಗ ಮಹಾರಾಜರಾದ ಮಾರ್ತಾಂಡ ಭೈರವ ತೊಂಡೈಮಾನರು ತಾವೇ ಅನುಮತಿಯನ್ನಿತ್ತರು. ತರಗತಿಯಲ್ಲಿ ಪರದೆಯ ಮರೆಯಲ್ಲಿ ಕುಳಿತು ಪಾಠ ಕೇಳಿದ ಈ ಬಾಲೆಯು 1907ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿ, 1912ರಲ್ಲಿ ಅನೇಕ ಬಹುಮಾನಗಳೊಡನೆ ವೈದ್ಯ ಪದವಿಯನ್ನು ಪಡೆದರು. 1914ರಲ್ಲಿ ಡಾಕ್ಟರ್ ಸುಂದರ ರೆಡ್ಡಿಯವರೊಡನೆ ವಿವಾಹವಾಯಿತು. ತಮ್ಮನ್ನು ಸರಿಸಮಾನಳೆಂದು ಭಾವಿಸಿ, ತಮ್ಮ ಕಾರ್ಯಗಳಿಗೆ ಅಡ್ಡಿಪಡಿಸಬಾರದೆಂಬುದು ವಿವಾಹಕ್ಕೆ ಮೊದಲೇ ಅವರು ಹಾಕಿದ್ದ ನಿಬಂಧನೆ. ಪತಿಯು ಅದನ್ನು ಒಪ್ಪಿಕೊಂಡರು.

ಮದರಾಸು ಪ್ರಾಂತದಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು 1921ರಲ್ಲಿಯೇ ದೊರೆತಿದ್ದರೂ ಸಭೆಯಲ್ಲಿ ಕುಳಿತುಕೊಳ್ಳುವ ಹಕ್ಕು ದೊರೆತುದು 1926ರಲ್ಲಿ. ನಮ್ಮ ಮಂಗಳೂರು ಮತ್ತು ಬಳ್ಳಾರಿಯ ಸೀಮೆಗಳೂ ಆಗ ಇದೇ ಪ್ರಾಂತಕ್ಕೆ ಸೇರಿದ್ದುವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯರು ಆ ವರುಷ ಚುನಾವಣೆಗೆ ನಿಂತು ಅತ್ಯಲ್ಪ ಮತಗಳ ಅಂತರದಿಂದ ಸೋತರು. ಮಹಿಳಾ ಸಂಘದವರ ಒತ್ತಾಯದ ಮೇಲೆ ಸರಕಾರವು ಮುತ್ತುಲಕ್ಷ್ಮಿಯವರನ್ನು ಸಭೆಗೆ ನಾಮಕರಣ ಮಾಡಿತು. ವೈದ್ಯವೃತ್ತಿಗೆ ಹಾನಿಯಾದೀತೆಂದು ಮೊದಲು ಅನುಮಾನಿಸಿದ ಅವರು ಕೊನೆಗೆ ಸಮ್ಮತಿಸಿದರು. ಸಭೆಯ ಪುರುಷ ಸದಸ್ಯರು ಅವರನ್ನೇ ಉಪಾಧ್ಯಕ್ಷರನ್ನಾಗಿ ಆರಿಸಿದರು.

ಗೌರವದ ಪದವಿಯಿಂದ ತೃಪ್ತರಾಗಿ ಸುಮ್ಮನೆ ಕುಳಿತುಕೊಳ್ಳುವ ಸ್ವಭಾವವು ಅವರದಾಗಿರಲಿಲ್ಲ. ಶಾಲೆಯ ಮಕ್ಕಳ ವೈದ್ಯ ಪರೀಕ್ಷೆ, ಮಕ್ಕಳ ಚಿಕಿತ್ಸೆಗೆ ಪ್ರತ್ಯೇಕ ಏರ್ಪಾಡು, ಬಾಲ್ಯವಿವಾಹದ ನಿಷೇಧ ಇವೆಲ್ಲವುಗಳಿಗಾಗಿ ಅವರು ವಾದಿಸಿದರು. ಬಹಳ ಎಳೆಯ ವಯಸ್ಸಿನಲ್ಲಿ ತಾಯಂದಿರಾದವರ ನೋವನ್ನು ಪ್ರಸೂತಿಗೃಹದಲ್ಲಿ ಕಣ್ಣಾರೆ ಕಂಡವರಾದುದರಿಂದ ಅವರ ಮಾತಿಗೆ ಬೇರೆಯವರ ಮಾತಿಗಿಲ್ಲದ ತೂಕವಿದ್ದಿತು.

ಆದರೆ ಅವರ ಹೆಸರನ್ನು ಉಳಿಸಿದುದು ದೇವದಾಸಿ ಪದ್ಧತಿಯ ವಿರುದ್ಧವಾಗಿ ಅವರು ಮಾಡಿದ ಹೋರಾಟ. ಮೈಸೂರು ಸಂಸ್ಥಾನದ ಸರಕಾರವು 1909ರಷ್ಟು ಹಿಂದೆಯೇ ತನ್ನ ಮುಜರಾಯಿ ದೇವಾಲಯಗಳಲ್ಲಿ ಈ ಸೇವೆಯನ್ನು ನಿಲ್ಲಿಸಿತ್ತು. ಮದರಾಸಿನಲ್ಲಿ ಅಂಥ ಕಟ್ಟಳೆಯಿರಲಿಲ್ಲ. 1927ರ ನವೆಂಬರದಲ್ಲಿ ಮುತ್ತುಲಕ್ಷ್ಮಿಯವರು ಬಾಲಿಕೆಯರನ್ನು ದೇವಾಲಯಗಳಿಗೆ ಒಪ್ಪಿಸುವುದನ್ನು ನಿಲ್ಲಿಸಬೇಕೆಂಬ ಠರಾವನ್ನು ಮಂಡಿಸಿದರು. ಸಭೆಯು ಅದನ್ನು ಅಂಗೀಕರಿಸಿತು.

ಠರಾವನ್ನು ಅಂಗೀಕರಿಸುವುದು ಸುಲಭ. ಕಾನೂನನ್ನು ಮಾಡುವುದು ಕಷ್ಟ. ಅನೇಕ ದೇವದಾಸಿಯರು ದೇವಾಲಯದ ಸೇವೆಗಾಗಿ ಇನಾಮು ಜಮೀನುಗಳನ್ನು ಅನುಭವಿಸುತ್ತಿದ್ದರು. ಸೇವೆಯನ್ನು ಬಿಟ್ಟರೆ ಜಮೀನೂ ಹೋಗುತ್ತಿತ್ತು. ಆದುದರಿಂದ ಮನೆಯ ಅನ್ನವು ತಪ್ಪದಿರಲೆಂದು ತಾಯಿಯ ತರುವಾಯ ಮಗಳನ್ನು ಅದೇ ಸೇವೆಗೆ ಒಪ್ಪಿಸುತ್ತಿದ್ದರು. ಬಡತನವು ಈ ಗಂಟನ್ನು ಎಷ್ಟು ಬಲವಾಗಿ ಬಿಗಿದಿತ್ತೆಂಬುದನ್ನು ಮುತ್ತುಲಕ್ಷ್ಮಿಯವರು ಅರಿತಿದ್ದರು. ಅವರು ತಂದ ಮಸೂದೆಯು 1929ರಲ್ಲಿ ಕಾನೂನಾಯಿತು. ಇದರಿಂದ ಸೇವೆಯ ಕರಾರು ಬಿಟ್ಟುಹೋಗಿ, ಜಮೀನು ಆ ಸ್ತ್ರೀಯರ ಕೈಯಲ್ಲಿಯೇ ಉಳಿಯುವಂತಾಯಿತು. ಕೆಟ್ಟ ಪದ್ಧತಿಯನ್ನು ಮುರಿಯುವವರು ಅದರಲ್ಲಿ ಸಿಕ್ಕಿಕೊಂಡವರ ಜೀವನೋಪಾಯವನ್ನು ಮೊದಲು ಯೋಚಿಸಬೇಕೆಂಬ ವಿವೇಕವು ಈ ಚಿಕ್ಕ ಕಾನೂನಿನಲ್ಲಿ ತೋರುತ್ತದೆ.

ಈ ಪ್ರಯತ್ನಕ್ಕೆ ವಿರೋಧವಿಲ್ಲದಿರಲಿಲ್ಲ. ಹಳೆಯ ಸಂಪ್ರದಾಯದ ಅಭಿಮಾನಿಗಳ ವಿರೋಧವು ನಿರೀಕ್ಷಿಸಿದ್ದೇ ಆಗಿತ್ತು. ದೇವದಾಸಿಯರಲ್ಲಿಯೇ ಅನೇಕರು ಸಂಘ ಕಟ್ಟಿಕೊಂಡು ಸರಕಾರಕ್ಕೆ ಮನವಿಗಳನ್ನು ಸಲ್ಲಿಸಿದುದು ಹೆಚ್ಚು ಗಮನಿಸತಕ್ಕ ವಿಷಯ. ಅವರ ಮುಂದಾಳುಗಳಲ್ಲೊಬ್ಬರು ನಂಜನಗೂಡಿನಲ್ಲಿ ಹುಟ್ಟಿ, ಸಂಗೀತದಲ್ಲಿ ಮಹಾ ಕೀರ್ತಿಯನ್ನು ಗಳಿಸಿ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಮಂದಿರವನ್ನು ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮನವರು. ಕೆಲವರ ದೋಷಕ್ಕಾಗಿ ಇಡೀ ಕುಲವನ್ನು ನಿಂದಿಸಬಾರದೆಂದೂ, ತಲೆತಲಾಂತರದಿಂದ ಬಂದ ತಮ್ಮ ಕಲೆಗೂ ಆಸ್ತಿಯ ಹಕ್ಕಿಗೂ ಚ್ಯುತಿ ಬರಬಾರದೆಂದೂ ಅವರ ವಾದವಾಗಿತ್ತು. ಈ ವಾದವು ಪೊಳ್ಳೆಂದು ನಾವು ತಳ್ಳಿಬಿಡಲಾಗದು. ಸಂಗೀತವನ್ನೂ ನೃತ್ಯವನ್ನೂ ಶತಮಾನಗಳ ಕಾಲ ಕಾಪಾಡಿದವರು ಆ ಸ್ತ್ರೀಯರೇ. ಸುಧಾರಣೆಯ ಗದ್ದಲದಲ್ಲಿ ಅವರಲ್ಲಿ ಅನೇಕರು ಮಾನವನ್ನೂ ಜೀವನೋಪಾಯವನ್ನೂ ಕಳೆದುಕೊಂಡುದು ನಿಜ. ಆದರೆ ಮುತ್ತುಲಕ್ಷ್ಮಿಯವರ ಕಣ್ಣ ಮುಂದಿದ್ದವಳು ಕೀರ್ತಿವಂತಳಾದ ಗಾಯಕಿಯಲ್ಲ. ತನ್ನ ಬಾಳಿನ ವಿಷಯದಲ್ಲಿ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಲಾರದ ಎಳೆಯ ಬಾಲಿಕೆ. ಆ ಬಾಲಿಕೆಯ ಪರವಾಗಿ ಮಾತನಾಡುವವರು ಸಭೆಯಲ್ಲಿ ಬೇರೆ ಯಾರಿದ್ದರು?

ಇದೇ ಸಮಯದಲ್ಲಿ ಅವರು ಇಂಡಿಯಾದ ವಿದ್ಯಾಭ್ಯಾಸ ಸ್ಥಿತಿಯನ್ನು ವಿಚಾರಿಸಿದ ಹಾರ್ಟೋಗ್ ಸಮಿತಿಯ ಸದಸ್ಯರೂ ಆಗಿದ್ದರು. 1929ರಲ್ಲಿ ಪ್ರಕಟವಾದ ಆ ಸಮಿತಿಯ ವರದಿಯಲ್ಲಿರುವ ಒಂದು ಲೆಕ್ಕವು ಹೀಗಿದೆ: 1922-23ರಲ್ಲಿ ಒಂದನೆಯ ತರಗತಿಯಲ್ಲಿದ್ದ 100 ಮಕ್ಕಳಲ್ಲಿ 1925-26ರಲ್ಲಿ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದವರು ಬರೇ 18. ವಿದ್ಯಾಭ್ಯಾಸದ ವಿಸ್ತಾರಕ್ಕಾಗಿ ಹಾಕುವ ಪ್ರತಿಯೊಂದು ಯೋಜನೆಯಲ್ಲಿಯೂ ಹೆಣ್ಣುಮಕ್ಕಳಿಗೆ ಮೊದಲ ಸ್ಥಾನವನ್ನು ಕೊಡಬೇಕೆಂದು ಸಮಿತಿಯು ಶಿಫಾರಸು ಮಾಡಿತು. ಮಗಳನ್ನು ಶಾಲೆಗೆ ಸೇರಿಸಿದರೆ ಸಾಲದು, ಅಲ್ಲಿ ಉಳಿಸಬೇಕೆಂಬ ಪಾಠವು ಇದರಲ್ಲಿದೆ.

1930ರ ಆದಿಯಲ್ಲಿ ಮುತ್ತುಲಕ್ಷ್ಮಿಯವರು ಬಾಲಿಕೆಯರನ್ನು ಒಪ್ಪಿಸುವ ಪದ್ಧತಿಯನ್ನೇ ಸಂಪೂರ್ಣವಾಗಿ ನಿಷೇಧಿಸುವ ಮಸೂದೆಯನ್ನು ಸಭೆಯ ಮುಂದಿಟ್ಟರು. ಅಷ್ಟರಲ್ಲಿ ಉಪ್ಪಿನ ಸತ್ಯಾಗ್ರಹವು ಮೊದಲಾಗಿ, ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾಯಿತು. ಅದನ್ನು ಪ್ರತಿಭಟಿಸಿ ಅವರು ತಮ್ಮ ಸ್ಥಾನಕ್ಕೆ ರಾಜಿನಾಮೆಯನ್ನಿತ್ತರು. ದೇಶದ ಮಾನಕ್ಕಾಗಿ ಮಾಡಿದ ಈ ತ್ಯಾಗದ ಬೆಲೆಯು ಚಿಕ್ಕದಾಗಿರಲಿಲ್ಲ. ಯಾವ ಮಸೂದೆಗಾಗಿ ಅವರು ಅಷ್ಟು ದುಡಿದಿದ್ದರೋ ಆ ಮಸೂದೆಯು ಅದನ್ನು ನಡೆಸುವವರಿಲ್ಲದೆ ಹಿಂದೆ ಬಿದ್ದಿತು. ನಿಷೇಧದ ಶಾಸನವು ಮದರಾಸಿನಲ್ಲಿ ಜಾರಿಗೆ ಬಂದುದು 17 ವರುಷಗಳ ತರುವಾಯ, 1947ರಲ್ಲಿ.

ಹದಿನೇಳು ವರುಷಗಳಲ್ಲಿ ಒಂದು ಶಿಶುವು ಬೆಳೆದು ಯುವತಿಯಾಗುತ್ತಾಳೆ. ಅಷ್ಟು ಕಾಲ ಕಾದಿರಲು ಹೆಣ್ಣುಮಕ್ಕಳಿಂದಾಗುವುದೇ? ಈ ಪದ್ಧತಿಯಿಂದ ತಪ್ಪಿಸಿಕೊಂಡು ಬಂದ ಕೆಲವು ಬಾಲಿಕೆಯರು 1930ರಲ್ಲಿ ಅವರ ಮನೆಯ ಬಾಗಿಲಿಗೆ ಬಂದರು. ಅವರ ಕುಲವನ್ನು ಕೇಳಿ ವಿದ್ಯಾರ್ಥಿನಿಲಯದವರು ಸೇರಿಸಿಕೊಳ್ಳಲೊಪ್ಪದಿರಲು, ಮುತ್ತುಲಕ್ಷ್ಮಿಯವರು ಅವರನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ಓದಿಸಿದರು. ಹೀಗೆ ಹುಟ್ಟಿದ ಆಶ್ರಯಕ್ಕೆ ಪ್ರಾಚೀನ ತಮಿಳು ಕವಯಿತ್ರಿಯ ಹೆಸರನ್ನಿಟ್ಟು ಅವ್ವೈ ಗೃಹವೆಂದು ಕರೆದರು. ಮುಂದೆ ಅದು ಅಡಯಾರಿನಲ್ಲಿ ನೆಲೆಗೊಂಡು ಬೆಳೆಯಿತು.

ಕ್ಯಾನ್ಸರ್ ರೋಗದಿಂದ ತೀರಿಹೋದ ತಂಗಿಯ ನೆನಪು ಅವರನ್ನು ಬಿಟ್ಟಿರಲಿಲ್ಲ. ಬಹುಕಾಲ ಹಣವನ್ನು ಕೂಡಿಸಿ, 1954ರಲ್ಲಿ ಅಡಯಾರಿನಲ್ಲಿ 12 ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆಯನ್ನು ತೆರೆದರು. ಪುತ್ರರಾದ ಡಾಕ್ಟರ್ ಕೃಷ್ಣಮೂರ್ತಿಯವರು ಅದರ ಸೇವೆಗೆ ನಿಂತರು. ಭಾರತ ಸರಕಾರವು 1956ರಲ್ಲಿ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. 1968ನೆಯ ಇಸವಿ ಜುಲಾಯಿ 22ರಂದು, ತಮ್ಮ 81ನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು.

ದೇವರ ಹೆಸರಿನಲ್ಲಿ ಬಾಲಿಕೆಯರನ್ನು ಬಿಡುವ ಪದ್ಧತಿಯನ್ನು ತಡೆಯಲು ನಮ್ಮ ಕರ್ನಾಟಕದಲ್ಲಿ 1982ರಲ್ಲಿ ಪುನಃ ಒಂದು ಶಾಸನವನ್ನು ಮಾಡಬೇಕಾಯಿತು. ಕಾನೂನೊಂದರಿಂದಲೇ ಕೆಡುಕು ಅಳಿಯುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಭೆಯಲ್ಲಿ ಕಾನೂನೂ, ಕಾನೂನಿನ ಬೆನ್ನ ಹಿಂದೆ ಜಮೀನೂ, ಜಮೀನಿಲ್ಲದವಳಿಗೆ ತೆರೆದ ಬಾಗಿಲೂ ಬೇಕೆಂಬುದನ್ನು ಮುತ್ತುಲಕ್ಷ್ಮಿಯವರು ಮಾಡಿ ತೋರಿಸಿದರು. ಇದೆಲ್ಲಕ್ಕೂ ಮೂಲವೆಲ್ಲಿ ಎಂದು ಹುಡುಕಿದರೆ, ದೊಡ್ಡವಳಾದ ಮಗಳ ಕೈಯಿಂದ ಪುಸ್ತಕವನ್ನು ಕಿತ್ತುಕೊಳ್ಳದೆ ಮನೆಯಲ್ಲಿ ದೀಪ ಹಚ್ಚಿ ಪಾಠ ಹೇಳಿಸಿದ ಒಬ್ಬ ತಂದೆಯನ್ನು ಕಾಣುತ್ತೇವೆ. ಮಕ್ಕಳ ಓದನ್ನು ನಡುವೆ ನಿಲ್ಲಿಸಬೇಕೆಂಬ ಯೋಚನೆಯು ಯಾವ ಮನೆಯಲ್ಲಾದರೂ ಹುಟ್ಟಿದಾಗ, ಆ ತಂದೆಯನ್ನು ಒಂದು ಸಲ ಸ್ಮರಿಸಬೇಕೆಂದು ಹೆತ್ತವರಲ್ಲಿ ವಿನಯಪೂರ್ವಕವಾಗಿ ಬಿನ್ನವಿಸುತ್ತೇನೆ.