ಕಿಡಿ ಇಲ್ಲದ ಬೆಂಕಿ: ರುಡಾಲ್ಫ್ ಡೀಸೆಲ್ ಕಥೆ

ಮುಳ್ಳಯ್ಯನಗಿರಿ ಕಡೆ ಟ್ರಿಪ್ ಹೋದಾಗ ಡೀಸೆಲ್ ಜೀಪ್ ಹತ್ತಿ ಕೂತ ಕೂಡಲೇ ನಾವು ಡ್ರೈವರ್ ಅಣ್ಣನಿಗೆ ಕೇಳೋ ಮೊದಲ ಪ್ರಶ್ನೆ, ಮೈಲೇಜ್ ಎಷ್ಟು ಕೊಡುತ್ತೆ ಅಂತ. ಉತ್ತರ ಏನೇ ಬರಲಿ, ನಮ್ಮಲ್ಲಿ ಒಬ್ಬ ಕಡಿಮೆ ಆಯ್ತು ಅಂತಾನೆ, ಇನ್ನೊಬ್ಬ ಫೋರ್ ವೀಲ್ ಡ್ರೈವ್ ಗಾಡಿಗೆ ಅದೇ ಜಾಸ್ತಿ ಅಂತಾನೆ. ಬೆಟ್ಟ ಇಳಿಯೋವರೆಗೂ ವಾದ ಮುಗಿಯಲ್ಲ. ಒಂದು ಲೀಟರ್ ಇಂಧನದಿಂದ ಎಷ್ಟು ಕೆಲಸ ತೆಗೀಬಹುದು ಅನ್ನೋ ಇದೇ ಪ್ರಶ್ನೆ ಹಿಡ್ಕೊಂಡು ಒಬ್ಬ ಮನುಷ್ಯ ಇಡೀ ಜೀವನ ಸವೆಸಿದ. ಅವನ ಹೆಸರನ್ನ ನಾವು ದಿನಾ ಪೆಟ್ರೋಲ್ ಬಂಕಿನಲ್ಲಿ ಓದ್ತೀವಿ. ಅದು ಒಬ್ಬ ಮನುಷ್ಯನ ಹೆಸರು ಅನ್ನೋದು ಮಾತ್ರ ನಮ್ಮಲ್ಲಿ ಎಷ್ಟೋ ಜನಕ್ಕೆ ಹೊಳೆಯೋದೇ ಇಲ್ಲ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಜರ್ಮನಿಯ ಬವೇರಿಯಾ ಮೂಲದವರು. ಅಪ್ಪನದು ಪುಸ್ತಕಕ್ಕೆ ರಟ್ಟು ಕಟ್ಟೋದು, ಚರ್ಮದ ಸಾಮಾನು ಮಾಡೋದು, ಇಂಥ ಕಸುಬು. 1870ರಲ್ಲಿ ಫ್ರಾನ್ಸ್‌ಗೂ ಪ್ರಷ್ಯಾಗೂ ಯುದ್ಧ ಶುರುವಾದಾಗ ಜರ್ಮನ್ನರೆಲ್ಲ ಊರು ಬಿಡಬೇಕಾಯ್ತು. ಕುಟುಂಬ ಲಂಡನ್ ಸೇರಿತು. ಹನ್ನೆರಡು ವರ್ಷದ ರುಡಾಲ್ಫ್‌ನನ್ನ ಮಾತ್ರ ಜರ್ಮನಿಯ ಔಗ್ಸ್‌ಬುರ್ಗ್‌ನಲ್ಲಿದ್ದ ಬಂಧುಗಳ ಮನೆಗೆ ಕಳಿಸಿದರು. ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು. ಹುಡುಗನ ಓದು ಅಲ್ಲಿಂದ ದಾರಿಗೆ ಬಿತ್ತು. 1875ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿದ. ನಮ್ಮ ಹಾಗೇ ಎಂಜಿನಿಯರಿಂಗ್ ಸ್ಟೂಡೆಂಟ್. ಕೊನೆಗೆ ಟೈಫಾಯ್ಡ್ ಬಂದು ಪರೀಕ್ಷೆ ತಪ್ಪಿಹೋಯ್ತು. ಮುಂದಿನ ಪರೀಕ್ಷೆಗೆ ಕಾಯ್ತಾ ಸ್ವಿಟ್ಜರ್ಲೆಂಡ್‌ನ ಸುಲ್ಜರ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿತ. 1880ರಲ್ಲಿ ವಾಪಸ್ ಬಂದು ಪರೀಕ್ಷೆ ಬರೆದು ಅತ್ಯುತ್ತಮ ದರ್ಜೆಯಲ್ಲಿ ಪಾಸಾದ.

ಮ್ಯೂನಿಕ್‌ನಲ್ಲಿ ಅವನಿಗೆ ಥರ್ಮೋಡೈನಮಿಕ್ಸ್ ಹೇಳಿಕೊಟ್ಟವರು ಕಾರ್ಲ್ ಫಾನ್ ಲಿಂಡೆ, ಶೈತ್ಯೀಕರಣದ ದೊಡ್ಡ ಹೆಸರು. ಸ್ಟೀಮ್ ಎಂಜಿನ್ನು ಕಲ್ಲಿದ್ದಲಿನ ಶಾಖದಲ್ಲಿ ಹತ್ತನೇ ಒಂದು ಪಾಲನ್ನಷ್ಟೇ ಕೆಲಸವಾಗಿ ಬದಲಿಸುತ್ತೆ, ಉಳಿದದ್ದೆಲ್ಲ ಪೋಲು ಅನ್ನೋದನ್ನ ಅವರು ಕ್ಲಾಸಿನಲ್ಲಿ ವಿವರಿಸಿದರು. ಕಾರ್ನೋ ಸೈಕಲ್ ನಾವೂ ಕಲಿತಿದ್ದೀವಿ, ಇಂಟರ್ನಲ್ಸ್ ಮುಗಿದ ಮೇಲೆ ಮರೆತೂ ಬಿಟ್ಟಿದ್ದೀವಿ. ಡೀಸೆಲ್ ಮರೀಲಿಲ್ಲ. ಕಾರ್ನೋ ಆದರ್ಶಕ್ಕೆ ಹತ್ತಿರ ಹೋಗೋ ನಿಜವಾದ ಯಂತ್ರ ಕಟ್ಟಬೇಕು ಅನ್ನೋ ಹುಳ ತಲೆಗೆ ಹೊಕ್ಕಿತು.

ಓದು ಮುಗಿಸಿ ಲಿಂಡೆ ಅವರ ಐಸ್ ಯಂತ್ರಗಳ ಕೆಲಸಕ್ಕೇ ಪ್ಯಾರಿಸ್‌ಗೆ ಹೋದ. 1883ರಲ್ಲಿ ಮಾರ್ಥಾ ಫ್ಲಾಶೆಯನ್ನ ಮದುವೆಯಾದ, ಮೂರು ಮಕ್ಕಳಾದವು. ಕೆಲಸದ ಜೊತೆಜೊತೆಗೆ ಅಮೋನಿಯಾ ಆವಿಯಿಂದ ಓಡೋ ಎಂಜಿನ್ ಮೇಲೆ ವರ್ಷಗಟ್ಟಲೆ ಹೆಣಗಿದ, ಕೈಗೂಡಲಿಲ್ಲ. ಕೊನೆಗೆ ಆವಿಯನ್ನೇ ಬಿಟ್ಟು ಗಾಳಿಗೆ ಬಂದ.

ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿಯಾಗೋದು ನಮಗೆಲ್ಲ ಗೊತ್ತು. ಗಾಳಿಯನ್ನ ಗಬಕ್ಕನೆ ಒತ್ತಿದರೆ ಬಿಸಿ ಹೊರಗೆ ಹೋಗೋಕೆ ಸಮಯವೇ ಸಿಗಲ್ಲ. ಅದನ್ನೇ ಇನ್ನೂ ಜೋರಾಗಿ ಒತ್ತಿದರೆ? ಅದರೊಳಗೆ ಎಣ್ಣೆ ಬಿಟ್ಟ ಕ್ಷಣವೇ ತಾನಾಗಿ ಹೊತ್ತಿಕೊಳ್ಳೋವಷ್ಟು ಗಾಳಿ ಕಾಯುತ್ತೆ. ಸ್ಪಾರ್ಕ್ ಪ್ಲಗ್ ಬೇಡ, ಕಿಡಿ ಬೇಡ. ಕಿಡಿಯಿಂದ ಹೊತ್ತೋ ಎಂಜಿನ್ನಿನಲ್ಲಿ ಇಂಧನವೂ ಗಾಳಿಯೂ ಮೊದಲೇ ಬೆರೆತಿರುತ್ತವೆ. ಹಾಗಾಗಿ ಜಾಸ್ತಿ ಒತ್ತಿದರೆ ಹೊತ್ತಿಗೆ ಮುಂಚೆಯೇ ಸಿಡಿದು ನಾಕಿಂಗ್ ಶುರು. ಬರೀ ಗಾಳಿಯನ್ನ ಒತ್ತಿದರೆ ಆ ಭಯ ಇಲ್ಲ. ಕಂಪ್ರೆಶನ್ ರೇಶಿಯೋ ಏರಿದಷ್ಟೂ ದಕ್ಷತೆ ಏರುತ್ತೆ. ಇಷ್ಟೇ ಗುಟ್ಟು.

1893ರ ಫೆಬ್ರವರಿಯಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಪುಸ್ತಕವನ್ನೂ ಪ್ರಕಟಿಸಿದ. ಕಾಗದದ ಮೇಲೆ ದಕ್ಷತೆ ಎಪ್ಪತ್ತು ಪರ್ಸೆಂಟ್ ದಾಟುತ್ತಿತ್ತು, ಒತ್ತಡ 250 ಅಟ್ಮಾಸ್ಫಿಯರ್! ಆ ಕಾಲದ ಯಾವ ಸಿಲಿಂಡರೂ ಅದನ್ನ ತಡೆಯುವಂತಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಲೆಕ್ಕದಲ್ಲೇ ಇತ್ತು. ಅಷ್ಟು ಒತ್ತೋದಕ್ಕೆ ಹೋಗೋ ಶಕ್ತಿ, ಘರ್ಷಣೆಗೆ ಹೋಗೋ ಶಕ್ತಿ ಕಳೆದರೆ ಶಾಫ್ಟಿನಲ್ಲಿ ಉಳಿಯೋದು ಏನೂ ಇಲ್ಲ. ಡೀಸೆಲ್‌ಗೆ ಇದು ಬೇಗನೆ ಅರ್ಥವಾಯ್ತು. ಒತ್ತಡ ಇಳಿಸಿದ, ಉರಿಯುವ ವಿಧಾನವನ್ನೇ ಬದಲಿಸಿದ. ನಮ್ಮ ಪುಸ್ತಕದಲ್ಲಿ ಡೀಸೆಲ್ ಸೈಕಲ್ ಅಂತ ಇರೋ ಕಾನ್‌ಸ್ಟಂಟ್ ಪ್ರೆಶರ್ ಗೆರೆ ಇದೆಯಲ್ಲ, ಅದು ಅವನು ಮೊದಲು ಕಂಡ ಕನಸಲ್ಲ, ತಿದ್ದಿಕೊಂಡ ಲೆಕ್ಕ. ಆದರೆ ತಪ್ಪಾಗಿತ್ತು ಅಂತ ಲೋಕದ ಮುಂದೆ ಬಾಯಿಬಿಟ್ಟು ಒಪ್ಪಲಿಲ್ಲ. ಇದು ಮುಂದೆ ಅವನಿಗೇ ತಿರುಗುಬಾಣವಾಯ್ತು.

ಔಗ್ಸ್‌ಬುರ್ಗ್‌ನ ಯಂತ್ರ ಕಾರ್ಖಾನೆಯ ನಿರ್ದೇಶಕ ಹೈನ್ರಿಶ್ ಫಾನ್ ಬುಜ್ ಅವರೂ ಕ್ರುಪ್ ಕಂಪನಿಯೂ ದುಡ್ಡು ಹಾಕಿದರು. 1893ರ ಆಗಸ್ಟ್ 10ರಂದು ಮೊದಲ ಪರೀಕ್ಷೆ. ಇಂಧನ ಹೊತ್ತಿಕೊಂಡಿತು ನಿಜ, ಆದರೆ ಒತ್ತಡ ಅಳೆಯೋ ಇಂಡಿಕೇಟರ್ ಚೂರುಚೂರಾಗಿ ಹಾರಿತು. ಎಂಜಿನ್ ಸ್ವಂತ ಬಲದಿಂದ ಓಡಲಿಲ್ಲ. 1894ರ ಫೆಬ್ರವರಿ 17ರಂದು ಮೊದಲ ಸಲ ತಾನಾಗಿ ಓಡಿತು, ಅದೂ ಬರೀ ಒಂದು ನಿಮಿಷ, 88 ಸುತ್ತು. ನಮ್ಮ ಪ್ರಾಜೆಕ್ಟ್ ಡೆಮೋಗಳಿಗಿಂತ ವಾಸಿ ಅಂದ್ಕೊಳ್ಳೋಣ.

ಸರಿಯಾಗಿ ಮೂರು ವರ್ಷದ ಮೇಲೆ, 1897ರ ಫೆಬ್ರವರಿ 17ಕ್ಕೆ, ಪ್ರೊಫೆಸರ್ ಮೋರಿಟ್ಜ್ ಶ್ರ್ಯೋಟರ್ ಹೊರಗಿನ ಪರೀಕ್ಷಕರಾಗಿ ಬಂದು ಅಳೆದರು. ಮೂರು ಮೀಟರ್ ಎತ್ತರದ ಒಂಟಿ ಸಿಲಿಂಡರ್ ಯಂತ್ರ, ನಿಮಿಷಕ್ಕೆ 154 ಸುತ್ತು, 13 ಕಿಲೋವ್ಯಾಟ್ ಚಿಲ್ಲರೆ ಶಕ್ತಿ. ಒಂದು ಕಿಲೋವ್ಯಾಟ್ ಅವರ್‌ಗೆ 324 ಗ್ರಾಂ ಇಂಧನ. ದಕ್ಷತೆ 26.2 ಪರ್ಸೆಂಟ್. ಕನಸಿನ ಎಪ್ಪತ್ತು ಎಲ್ಲಿ, ಈ ಇಪ್ಪತ್ತಾರು ಎಲ್ಲಿ! ಆದರೂ ಸ್ಟೀಮ್ ಎಂಜಿನ್‌ಗಳ ಎರಡರಷ್ಟನ್ನೂ ಮೀರಿದ ಸಂಖ್ಯೆ ಅದು. ಆ ಎಂಜಿನ್ ಈಗಲೂ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿದೆ.

ದುಡ್ಡು ಹರಿದು ಬಂತು. ಅಮೆರಿಕದ ಹಕ್ಕಿಗೆ ಬಿಯರ್ ಉದ್ಯಮಿ ಅಡಾಲ್ಫಸ್ ಬುಶ್ ಹತ್ತು ಲಕ್ಷ ಮಾರ್ಕ್ ಕೊಟ್ಟ. ಆದರೆ ಟೆಸ್ಟ್ ಬೆಡ್ ಮೇಲೆ ಓಡೋದು ಬೇರೆ, ಗಿರಾಕಿ ಹತ್ರ ಓಡೋದು ಬೇರೆ. 1898ರಲ್ಲಿ ಕೆಂಪ್ಟೆನ್ ಊರಿನ ಬೆಂಕಿಪೊಟ್ಟಣದ ಕಾರ್ಖಾನೆಗೆ ಎಂಜಿನ್ ಹೋಯ್ತು. ಕಡ್ಡಿ ಗೀರದೇ ಬೆಂಕಿ ಹೊತ್ತಿಸೋ ಯಂತ್ರ ಕಡ್ಡಿ ಮಾಡೋರ ಮನೆಗೇ ಹೋಯ್ತು ನೋಡಿ! ಅಲ್ಲಿ ಅದು ಪದೇಪದೇ ಕೆಟ್ಟು ನಿಂತಿತು. ದೂರುಗಳು, ಪೇಟೆಂಟ್ ಕೇಸುಗಳು, ಓಡಾಟ. ಅದೇ ವರ್ಷ ಆರೋಗ್ಯವೂ ಕುಸಿಯಿತು. ಬಂದ ಹಣವನ್ನ ಜಮೀನು, ತೈಲಬಾವಿ ಅಂತ ಹಾಕಿ ಕಳೆದುಕೊಂಡ. ಮ್ಯೂನಿಕ್‌ನಲ್ಲಿ ದೊಡ್ಡ ಬಂಗಲೆ ಕಟ್ಟಿಸಿದ. ಹೊರಗಿನಿಂದ ಶ್ರೀಮಂತ, ಒಳಗೆ ಸಾಲ.

ಅವನ ಆಸೆ ಇದ್ದದ್ದು ಬೇರೆ. ದೊಡ್ಡ ಸ್ಟೀಮ್ ಎಂಜಿನ್ ಇಟ್ಟ ದೊಡ್ಡ ಮಾಲೀಕರ ಎದುರು ಸಣ್ಣ ಕಸುಬುದಾರರೂ ತಮ್ಮದೇ ಅಗ್ಗದ ಎಂಜಿನ್ ಇಟ್ಟುಕೊಂಡು ಬದುಕಬೇಕು ಅನ್ನೋದು. ಕಾರ್ಮಿಕರ ಸಹಕಾರದ ಬಗ್ಗೆ 1903ರಲ್ಲಿ ಒಂದು ಪುಸ್ತಕವನ್ನೇ ಬರೆದ, ಕೊಂಡವರು ತೀರಾ ಕಡಿಮೆ. ಅವನ ಎಂಜಿನ್ ಹೋಗಿ ಸೇರಿದ್ದು ಹಡಗುಗಳನ್ನ, ಸಬ್‌ಮರೀನ್‌ಗಳನ್ನ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಸಸ್ಯದ ಎಣ್ಣೆಗೂ ಒಂದು ಕಾಲ ಬರುತ್ತೆ ಅಂತ ಡೀಸೆಲ್ ಕೊನೆಗಾಲದಲ್ಲಿ ನಂಬಿದ್ದ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೊಂಗೆ ಎಣ್ಣೆ ಮೇಲೆ ಸಂಶೋಧನೆ ನಡೆದದ್ದು ಇದೇ ದಾರಿಯಲ್ಲಿ.

1913ರಲ್ಲಿ ಜರ್ಮನ್ ಪ್ರೊಫೆಸರ್ ಒಬ್ಬರು ಡೀಸೆಲ್‌ನ ಸಾಧನೆ ಬರೀ ಕಟ್ಟುಕಥೆ ಅಂತ ಸಾಧಿಸೋಕೆ ಪುಸ್ತಕ ಬರೆದರು. ಪೇಟೆಂಟಿನಲ್ಲಿ ಇರೋದೇ ಒಂದು, ಓಡ್ತಿರೋದೇ ಒಂದು ಅನ್ನೋ ವಾದ. ಅದೇ ವರ್ಷ ಸೆಪ್ಟೆಂಬರ್ 29ರ ಸಂಜೆ ಡೀಸೆಲ್ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡನ್ ಅನ್ನೋ ಹಡಗು ಹತ್ತಿದ, ಇಂಗ್ಲೆಂಡಿಗೆ. ಊಟ ಮಾಡಿದ. ಬೆಳಗ್ಗೆ ಆರೂಕಾಲಿಗೆ ಎಬ್ಬಿಸಿ ಅಂತ ಹೇಳಿ ರಾತ್ರಿ ಹತ್ತರ ಹೊತ್ತಿಗೆ ಕ್ಯಾಬಿನ್ನಿಗೆ ಹೋದ. ಬೆಳಗ್ಗೆ ಹಾಸಿಗೆ ಹಾಗೇ ಇತ್ತು, ಮಲಗಿದ ಗುರುತಿಲ್ಲ. ಟೋಪಿ ಮತ್ತು ಕೋಟು ಡೆಕ್ಕಿನ ಕಂಬಿ ಹತ್ರ ಮಡಿಚಿ ಇಟ್ಟಿದ್ದವು. ಸುಮಾರು ಹತ್ತು ದಿನದ ಮೇಲೆ ಒಂದು ಡಚ್ ದೋಣಿಯವರಿಗೆ ಶವ ಸಿಕ್ಕಿತು. ಜೇಬಿನ ವಸ್ತುಗಳನ್ನ ತೆಗೆದುಕೊಂಡು ಶವವನ್ನ ಕಡಲಿಗೇ ಬಿಟ್ಟರು. ಆ ವಸ್ತುಗಳು ಅಪ್ಪನದೇ ಅಂತ ಮಗ ಆಯ್ಗೆನ್ ಗುರುತಿಸಿದ. ಕೊಲೆ ಅಂದವರಿದ್ದಾರೆ, ಸಾಲಕ್ಕೆ ಹೆದರಿ ಜೀವ ಕಳ್ಕೊಂಡ ಅಂದವರೇ ಹೆಚ್ಚು. ಅವನಿಗೆ ಆಗ 55 ವರ್ಷ.

ತನ್ನ ಎಂಜಿನ್ ಹಾಕಿದ ಕಾರನ್ನ ರಸ್ತೆ ಮೇಲೆ ಜನ ಓಡಿಸೋದನ್ನ ಅವನು ನೋಡಲೇ ಇಲ್ಲ. ಅವನ ಕಾಲದಲ್ಲಿ ಎಣ್ಣೆಯನ್ನ ಸಿಲಿಂಡರಿಗೆ ಊದೋಕೆ ದೊಡ್ಡ ಕಂಪ್ರೆಸರ್ ಬೇಕಿತ್ತು, ಆ ಭಾರ ಗಾಡಿಗೆ ಆಗ್ತಿರಲಿಲ್ಲ. 1920ರ ದಶಕದಲ್ಲಿ ಬಾಶ್ ಕಂಪನಿ ಇಂಜೆಕ್ಷನ್ ಪಂಪ್ ತಯಾರಿಸಿದ ಮೇಲೆ ದಾರಿ ತೆರೆಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಮಾಡ್ತಿದ್ದದ್ದೂ ಅದೇ ವಂಶದ ಪಂಪ್. 1936ರಲ್ಲಿ ಮರ್ಸಿಡಿಸ್ 260 ಡಿ ಬಂತು. ಆಮೇಲೆ ಜೀಪಿನ ಕಾಲ.

ಈಗ ನಮ್ಮ ಜೀಪಿಗೆ ಬರೋಣ. ಎರಡು ಟನ್ ತೂಕದ, ಡಬ್ಬದ ಥರ ಇರೋ ಗಾಡಿ, ಮಟ್ಟಸ ರಸ್ತೆ, ಗಂಟೆಗೆ 80 ಕಿಲೋಮೀಟರ್ ಅಂತ ಇಟ್ಕೊಂಡು ನಾವೇ ಲೆಕ್ಕ ಹಾಕಿದ್ವಿ. ಟೈರಿನ ಉರುಳು ಘರ್ಷಣೆ ಸುಮಾರು 250 ನ್ಯೂಟನ್, ಗಾಳಿಯ ತಡೆ ಸುಮಾರು 410. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಆಕ್ಸಲ್‌ಗಳ ನಷ್ಟ ಸೇರಿಸಿದರೆ ಒಂದು ಕಿಲೋಮೀಟರಿಗೆ ಸುಮಾರು 0.22 ಕಿಲೋವ್ಯಾಟ್ ಅವರ್. 1897ರ 324 ಗ್ರಾಂ ಹಾಕಿದರೆ ಲೀಟರಿಗೆ ಹನ್ನೆರಡರ ಹತ್ತಿರ ಬರುತ್ತೆ. ಇವತ್ತಿನ ಒಳ್ಳೆ ಎಂಜಿನ್ನಿನ 220 ಗ್ರಾಂ ಹಾಕಿದರೆ ಹದಿನೇಳು. ಆದರೆ ಟ್ರಾಫಿಕ್ಕಿನಲ್ಲಿ ಲೋಡ್ ಇಲ್ಲದೆ ತೆವಳೋವಾಗ ಇವತ್ತಿನ ಎಂಜಿನ್ ಕೂಡ 300 ಗ್ರಾಂ ಸುತ್ತಮುತ್ತ ಕುಡಿಯುತ್ತೆ, ಅಂದ್ರೆ ಹೆಚ್ಚುಕಮ್ಮಿ ಡೀಸೆಲ್‌ನ ಹಳೇ ಸಂಖ್ಯೆಗೇ ವಾಪಸ್. ಫೋರ್ ವೀಲ್ ಡ್ರೈವ್ ಗಾಡಿ ಜಾಸ್ತಿ ಕುಡಿಯೋದು ಎಂಜಿನ್ ದಡ್ಡ ಅಂತಲ್ಲ. ತೂಕ, ದಪ್ಪ ಟೈರು, ಡಬ್ಬದ ಮೈ, ಜೊತೆಗೆ ತಿರುಗೋ ಹೆಚ್ಚುವರಿ ಶಾಫ್ಟುಗಳು, ಇವೆಲ್ಲದರ ಬಿಲ್ಲು ಎಂಜಿನ್ ಹೆಸರಿಗೆ ಬರುತ್ತೆ.

ಮುಂದಿನ ಸಲ ಬೆಟ್ಟದ ಮೇಲೆ ಮೈಲೇಜ್ ವಾದ ಶುರುವಾದರೆ ಈ ಲೆಕ್ಕ ನಮ್ಮ ಹತ್ರ ಇರಲಿ. 26.2 ಪರ್ಸೆಂಟಿಗೆ ಒಬ್ಬ ಮನುಷ್ಯ ಏನೇನು ಕೊಟ್ಟ ಅನ್ನೋದೂ ನೆನಪಿರಲಿ.